ಸಜ್ನಾ ಹೇಳದೆ ಉಳಿಸಿಕೊಂಡ ಒಂದು ಸಾಲು

ಫರಂಗಿಪೇಟೆಯಲ್ಲಿ ಹೆದ್ದಾರಿಯಿಂದ ನದಿಯ ಕಡೆಗೆ ಇಳಿಯುವ ಓಣಿಯಲ್ಲಿ ಇಬ್ರಾಹಿಂ ಖಲೀಲನ ಮನೆ ಇದೆ. ಅವನಿಗೆ ಪೇಟೆಯಲ್ಲೊಂದು ಚಪ್ಪಲಿ ಅಂಗಡಿ. ಅವನ ಹೆಂಡತಿ ಸಜ್ನಾಳನ್ನು ಊರಿನಲ್ಲಿ ಹೆಚ್ಚು ಜನ ಕಂಡವರಿಲ್ಲ. ಆದರೆ ಮಸ್ಕತ್, ದೋಹಾ, ಜುಬೈಲ್‌ಗಳಲ್ಲಿ ಅವಳ ಧ್ವನಿ ಕೇಳಿದರೆ ಗುರುತು ಹಿಡಿಯುವ ಮಕ್ಕಳು ತುಂಬ ಇದ್ದಾರೆ. ಅವಳು ಅವರಿಗೆ ಆನ್‌ಲೈನಿನಲ್ಲಿ ಗಣಿತ ಕಲಿಸುತ್ತಾಳೆ.

ಸಜ್ನಾ ಹುಟ್ಟಿದ್ದು ಪೊಳಲಿಯ ಹತ್ತಿರ. ಶಾಲೆಯಲ್ಲಿ ಅವಳೇ ಮೊದಲು. ಯಾವಾಗಲಾದರೂ ಎರಡನೆಯವಳಾದರೆ ಮೊದಲು ಬಂದ ಹುಡುಗಿಯ ಜೊತೆ ಒಂದು ವಾರ ಮಾತಾಡುತ್ತಿರಲಿಲ್ಲ. ಬಿ.ಎಸ್ಸಿ. ಮುಗಿಸಿ ಬಿ.ಎಡ್.ಗೆ ಸೇರಿದ ವರ್ಷವೇ ಮದುವೆಯಾಯಿತು. ಮೊದಲ ಮಗು ಹೊಟ್ಟೆಯಲ್ಲಿದ್ದಾಗ ಕಾಲೇಜು ಬಿಟ್ಟಳು. ಮುಂದಿನ ವರ್ಷ ಹೋಗುವ ಎಂದು ಖಲೀಲ್ ಹೇಳಿದ್ದ. ಮುಂದಿನ ವರ್ಷ ಎನ್ನುವುದು ಪ್ರತಿ ವರ್ಷವೂ ಬಂತು, ಹೋಯಿತು.

ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ, ದೋಹಾದಲ್ಲಿದ್ದ ಸಂಬಂಧಿಕರೊಬ್ಬರು ತಮ್ಮ ಮಗನಿಗೆ ಸ್ವಲ್ಪ ಲೆಕ್ಕ ಹೇಳಿಕೊಡಲು ಸಾಧ್ಯವೇ ಎಂದು ಕೇಳಿದರು. ಆ ಹುಡುಗನಿಂದ ಅವನ ಗೆಳೆಯನಿಗೆ, ಗೆಳೆಯನಿಂದ ಮತ್ತೊಬ್ಬನಿಗೆ ಸುದ್ದಿ ಹೋಗಿ ಸಜ್ನಾಳ ತರಗತಿ ಬೆಳೆಯಿತು. ಖಲೀಲನ ಅಂಗಡಿಯಲ್ಲಿ ಬಿದ್ದಿದ್ದ ಹಳೆಯ ಲ್ಯಾಪ್‌ಟಾಪನ್ನು ಅವಳ ತಮ್ಮ ಅಸ್ಕರ್ ಸರಿಮಾಡಿಕೊಟ್ಟ. ಅಸ್ಕರನಿಗೆ ಬಿ.ಸಿ. ರೋಡಿನಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇತ್ತು. "ಇದರಲ್ಲಿ ವಿಂಡೋಸ್ ಇನ್ನು ನಡೆಯುವುದಿಲ್ಲ ಅಕ್ಕ, ಲಿನಕ್ಸ್ ಹಾಕಿದ್ದೇನೆ, ವೈರಸ್ಸಿನ ಉಪದ್ರವೂ ಇಲ್ಲ" ಎಂದಿದ್ದ. ಅದರ ಜೊತೆಗೇ ಒಂದು ಬೋರ್ಡ್ ತಂತ್ರಾಂಶವನ್ನೂ ಹಾಕಿಕೊಟ್ಟ. ಪುಟ್ಟ ಹಲಗೆಯ ಮೇಲೆ ಪೆನ್ನಿನಿಂದ ಬರೆದರೆ ಮಕ್ಕಳ ಪರದೆಯ ಮೇಲೆ ಅಕ್ಷರ ಮೂಡುತ್ತಿತ್ತು. ಸಜ್ನಾಳಿಗೆ ಅದು ಸಾಕಾಗಿತ್ತು. ಹಾಲಿನ ಕಿಟಕಿಯ ಬದಿಯಲ್ಲಿ ಒಂದು ಮೇಜು ಹಾಕಿಕೊಂಡು ಅವಳು ಅದನ್ನೇ ಶಾಲೆ ಮಾಡಿಕೊಂಡಳು.

ಖಲೀಲನ ತಮ್ಮ ಹಿಶಾಮ್ ಜುಬೈಲಿನಲ್ಲಿ ಕೆಲಸದಲ್ಲಿದ್ದ. ಅವನ ಮದುವೆ ಬೆಳ್ತಂಗಡಿಯ ಶಿಫಾನಾಳ ಜೊತೆ ಆಯಿತು. ಮದುವೆಯ ರಜೆ ಮುಗಿದೊಡನೆ ಹಿಶಾಮ್ ಹೊರಟುಹೋದ. ಶಿಫಾನಾ ಈ ಮನೆಯಲ್ಲಿ ಉಳಿದಳು. ಅವಳದು ಬಿ.ಎಡ್. ಪೂರ್ತಿ ಆಗಿತ್ತು. ಅದು ಗೊತ್ತಾದ ದಿನ ಸಜ್ನಾ, "ಓ, ಮುಗಿಸಿದ್ದೀಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಡುಗೆಮನೆಗೆ ಹೋಗಿದ್ದಳು.

ಆದರೂ ಅವಳೇ ಶಿಫಾನಾಳನ್ನು ಈ ಕೆಲಸಕ್ಕೆ ಎಳೆದದ್ದು. ಸಣ್ಣ ತರಗತಿಯ ಮಕ್ಕಳು ಹೆಚ್ಚಾದಾಗ, "ನೀನು ಕೆಲವರನ್ನು ನೋಡಿಕೊಳ್ತೀಯಾ?" ಎಂದು ಕೇಳಿದಳು. ಶಿಫಾನಾ ಸಂತೋಷದಿಂದ ಒಪ್ಪಿದಳು. ಹೇಗೆ ಮಾತಾಡಬೇಕು, ಭಿನ್ನರಾಶಿಯನ್ನು ಪತ್ತಿರ್ ಮುರಿದು ತೋರಿಸುವುದು ಹೇಗೆ, ಕಲಿಯದ ಮಗುವನ್ನು ಬೈಯದೆ ಕೂರಿಸಿಕೊಳ್ಳುವುದು ಹೇಗೆ, ಎಲ್ಲವನ್ನೂ ಸಜ್ನಾಳೇ ಹೇಳಿಕೊಟ್ಟಳು. ಅಕ್ಕಿರೊಟ್ಟಿಯಂಥ ಆ ಪತ್ತಿರನ್ನು ನಾಲ್ಕಾಗಿ ಮುರಿದು, ಕ್ಯಾಮೆರಾದ ಮುಂದೆ ಹಿಡಿದು, "ಈಗ ನನ್ನ ಕೈಯಲ್ಲಿ ಎಷ್ಟು ಉಂಟು?" ಎಂದು ಕೇಳುವುದು ಸಜ್ನಾಳದೇ ಉಪಾಯ. ದೋಹಾದ ಮಕ್ಕಳು ಅದಕ್ಕೆ ನಗುತ್ತಿದ್ದರು. ನಗುತ್ತಲೇ ಕಲಿಯುತ್ತಿದ್ದರು.

ಸ್ವಲ್ಪ ಕಾಲ ಕಳೆದ ಮೇಲೆ ಹಿಶಾಮ್ ಊರಿಗೆ ಬರುವವರ ಕೈಯಲ್ಲಿ ಹೆಂಡತಿಗೆ ಒಂದು ಲ್ಯಾಪ್‌ಟಾಪ್ ಕಳಿಸಿದ. ಆಟ ಆಡುವ ಹುಡುಗರು ಕೊಳ್ಳುವಂಥದ್ದು, ದಪ್ಪಗೆ, ಕಪ್ಪಗೆ, ಕೀಲಿಗಳ ಕೆಳಗೆ ಬಣ್ಣದ ಬೆಳಕು ಇರುವಂಥದ್ದು. ಅಂಗಡಿಯವನು ಇದೇ ಎಲ್ಲಕ್ಕಿಂತ ದೊಡ್ಡದು ಎಂದನಂತೆ, ಇವನು ತೆಗೆದುಕೊಂಡನಂತೆ. ಅತ್ತೆ ಖತೀಜಮ್ಮ ಅದನ್ನು ಹಾಲಿನಲ್ಲಿಟ್ಟು ನೆರೆಮನೆಯವರನ್ನು ಕರೆದು ತೋರಿಸಿದರು. ಆಮೇಲೆ ಅದು ಶಿಫಾನಾಳ ಕೋಣೆಗೆ ಹೋಯಿತು. ಆ ಕೋಣೆಯಲ್ಲಿ ಹಿಶಾಮ್ ಮದುವೆಗೆ ಹಾಕಿಸಿದ ಎ.ಸಿ. ಇತ್ತು.

ಸಜ್ನಾ ಆ ದಿನ ತನ್ನ ಲ್ಯಾಪ್‌ಟಾಪಿನ ಮೇಲಿನ ಧೂಳನ್ನು ಬಟ್ಟೆಯಿಂದ ಒರೆಸಿದಳು. ಒರೆಸಿದ ಮೇಲೂ ಅದು ಹಳೆಯದಾಗಿಯೇ ಕಂಡಿತು.

ಆ ಬೇಸಿಗೆಯಲ್ಲಿ ಅವಳ ಲ್ಯಾಪ್‌ಟಾಪ್ ಕಷ್ಟ ಕೊಡಲು ಸುರುಮಾಡಿತು. ತರಗತಿ ಆರಂಭವಾಗಿ ಸ್ವಲ್ಪ ಹೊತ್ತಿಗೇ ಫ್ಯಾನು ಜೋರಾಗಿ ತಿರುಗುತ್ತಿತ್ತು. ಕೈ ಇಡುವ ಜಾಗ ದೋಸೆಕಲ್ಲಿನಂತೆ ಕಾಯುತ್ತಿತ್ತು. ಮಾತು ತುಂಡುತುಂಡಾಗಿ ಹೋಗುತ್ತಿತ್ತು. ಒಂದು ದಿನ ಲೆಕ್ಕದ ನಡುವೆ ಪರದೆ ಕಪ್ಪಾಗಿ ಎಲ್ಲವೂ ನಿಂತಿತು. ಮತ್ತೆ ಹಚ್ಚಿ ಬರುವಷ್ಟರಲ್ಲಿ ಮಕ್ಕಳು ಹೊರಟುಹೋಗಿದ್ದರು.

ಅವಳ ಅತ್ಯಂತ ಪ್ರೀತಿಯ ವಿದ್ಯಾರ್ಥಿನಿ ತೃಷಾ. ಬೆಳ್ತಂಗಡಿ ಮೂಲದ ಕುಟುಂಬದ ಹುಡುಗಿ, ಮಸ್ಕತ್‌ನಲ್ಲಿ ಎಂಟನೇ ತರಗತಿ. ಬಂದಾಗ ಮಗ್ಗಿಗೇ ಅಳುತ್ತಿದ್ದವಳು, ಈಗ ಬೀಜಗಣಿತವನ್ನು ಬಾಯಲ್ಲೇ ಮಾಡುತ್ತಿದ್ದಳು. ಆ ವಾರ ಅವಳ ಅಮ್ಮ ಫೋನ್ ಮಾಡಿದರು.

"ಟೀಚರ್, ಬೇಜಾರು ಮಾಡ್ಕೊಳ್ಬೇಡಿ. ನಿಮ್ಮ ಕಡೆಯಿಂದ ಎಂತದೋ ವಿಮಾನದ ಹಾಗೆ ಶಬ್ದ ಬರ್ತದೆ. ಮಧ್ಯದಲ್ಲಿ ಕಟ್ ಆಗ್ತದೆ. ಪರೀಕ್ಷೆ ಮುಗಿಯುವವರೆಗೆ ಶಿಫಾನಾ ಟೀಚರ್ ಹತ್ರ ಕೂರಿಸುವ ಅಂತ. ಒಂದೇ ಮನೆ ಅಲ್ವಾ?"

"ಹೌದು, ಒಂದೇ ಮನೆ" ಎಂದಳು ಸಜ್ನಾ.

ಮರುದಿನ ಸಂಜೆ ಗೋಡೆಯ ಆಚೆಯಿಂದ ತೃಷಾಳ ನಗು ಕೇಳಿಸಿತು. ಪುಟ್ಟ ಸ್ಪೀಕರಿನಿಂದ ಬಂದ ಆ ನಗು ಎ.ಸಿ. ಕೋಣೆಯ ಬಾಗಿಲಿನ ಕೆಳಗಿನಿಂದ ಹರಿದು ಅಡುಗೆಮನೆಯವರೆಗೂ ಬಂತು. ಸಜ್ನಾ ಮೀನು ಕೊಯ್ಯುತ್ತಿದ್ದಳು. ಬಂಗುಡೆಯ ತಲೆಯನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕಡಿದಳು.

"ನಿನ್ನ ಕೈಗೆ ಇವತ್ತು ಎಂತಾಗಿದೆ ಮಗಳೇ?" ಎಂದು ಖತೀಜಮ್ಮ ಕೇಳಿದರು. "ಶಿಫಾನಾಳ ಮಿಷಿನ್ ನೋಡು, ಒಂದು ಶಬ್ದ ಇಲ್ಲ. ಹಿಶಾಮ್ ಒಳ್ಳೆಯದನ್ನೇ ಕಳಿಸಿದ್ದಾನೆ."

ಸಜ್ನಾ ಮುಂದಿನ ಬಂಗುಡೆ ಎತ್ತಿಕೊಂಡಳು. ಅಂಗಡಿ ಮುಚ್ಚಿ ಖಲೀಲ್ ಬಂದಾಗ ಅವನ ಮೇಲೆ ಹಾರಿದಳು. ಹೊಸದು ಕೊಡಿಸು ಎಂದು ಅವಳು ಕೇಳಲಿಲ್ಲ. ಕೇಳಿದರೆ ಶಿಫಾನಾಳಿಗೆ ಸಿಕ್ಕಿದ್ದು ನನಗೂ ಬೇಕು ಎಂದಂತಾಗುತ್ತದೆ, ಅದು ಅವಳಿಗೆ ಸಾಯುವಷ್ಟು ಕಷ್ಟ. ಬದಲಿಗೆ ಚಹಾಕ್ಕೆ ಸಕ್ಕರೆ ಸಾಲದೆಂದು ಅವನು ಹೇಳಿದ ಮಾತಿಗೆ ಕಾಲು ಗಂಟೆ ಜಗಳವಾಡಿದಳು.

ಮರುದಿನ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ ಬಿ.ಸಿ. ರೋಡಿಗೆ ಹೋದಳು.

"ಇದು ತಣ್ಣಗಾಗಬೇಕು ಅಸ್ಕರ್. ಸೂಜಿ ಬಿದ್ದರೆ ಕೇಳಬೇಕು, ಅಷ್ಟು."

"ಇಷ್ಟು ಹಳೆಯದಕ್ಕೆ ಅಷ್ಟೆಲ್ಲ ಆಸೆ ಬೇಡ ಅಕ್ಕ."

"ಆಸೆ ಅಲ್ಲ. ಆಗಬೇಕು."

ಅಸ್ಕರ್ ಅಡಿಯ ಮುಚ್ಚಳ ಬಿಚ್ಚಿದ. ಫ್ಯಾನಿನ ಬಾಯಿಗೆ ಧೂಳು ಮತ್ತು ನೂಲು ಸೇರಿ ಕಂಬಳಿಯ ತುಂಡಿನಂತೆ ಅಂಟಿಕೊಂಡಿತ್ತು. ಬಿಸಿಗಾಳಿ ಹೊರಗೆ ಹೋಗುವ ದಾರಿಯೇ ಇರಲಿಲ್ಲ. ಅದನ್ನು ಚಿಮಟದಿಂದ ಎಳೆದು ತೆಗೆದ. ಪ್ರೊಸೆಸರಿನ ಮೇಲೆ ಬಿಸಿ ಎಳೆದುಕೊಳ್ಳಲು ಹಚ್ಚಿದ್ದ ಪೇಸ್ಟ್ ಒಣಗಿ ಸುಣ್ಣದಂತೆ ಉದುರುತ್ತಿತ್ತು. ಒರೆಸಿ ಹೊಸದು ಹಚ್ಚಿದ. ಬಿಸಿ ಎಷ್ಟಿದೆ ಎಂದು ಪರದೆಯ ಮೂಲೆಯಲ್ಲೇ ತೋರಿಸುವ ಒಂದು ಪುಟ್ಟ ಅಂಕಿಯನ್ನೂ ಇಟ್ಟುಕೊಟ್ಟ. "ತೊಂಬತ್ತು ದಾಟಿದರೆ ಹೆದರು. ನೂರರ ಹತ್ತಿರ ಹೋದರೆ ಅದು ತನ್ನನ್ನು ಉಳಿಸಿಕೊಳ್ಳಲಿಕ್ಕೆ ತಾನೇ ಆಫ್ ಆಗ್ತದೆ."

ಮನೆಗೆ ಬಂದು ತರಗತಿ ಮಾಡಿದಳು. ಮೊದಲಿನಷ್ಟು ಬೊಬ್ಬೆ ಇರಲಿಲ್ಲ. ಆದರೂ ಅಂಕಿ ಎಂಬತ್ತೈದಕ್ಕೆ ಹೋಗಿ ನಿಂತಿತು. ಆಚೆ ಕೋಣೆಯ ಮೌನಕ್ಕೆ ಹೋಲಿಸಿದರೆ ಇದೂ ಸದ್ದೇ.

ಅಲ್ಲಿಂದ ಕೆಲವು ವಾರ ಸಜ್ನಾಳಿಗೆ ಬೇರೆ ಯೋಚನೆ ಇರಲಿಲ್ಲ. ಮಧ್ಯಾಹ್ನ ಊಟವಾಗಿ ಮನೆಯವರು ಮಲಗಿದ ಮೇಲೆ ಅವಳು ಓದುತ್ತಾ ಕೂರುತ್ತಿದ್ದಳು. ಲಿನಕ್ಸ್ ಬಳಸುವವರ ಒಂದು ಟೆಲಿಗ್ರಾಂ ಗುಂಪಿಗೆ ಸೇರಿ, ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಪ್ರಶ್ನೆ ಹಾಕಿದಳು. ಕೆಲವರು ನಕ್ಕರು, ಕೆಲವರು ಹೇಳಿಕೊಟ್ಟರು. ಯಾವ ತಂತ್ರಾಂಶ ಎಷ್ಟು ಕೆಲಸ ಎಳೆಯುತ್ತಿದೆ ಎಂದು ನೋಡಲು ಕಲಿತಳು. ವೀಡಿಯೊ ಕರೆಯಲ್ಲಿ ಬೆನ್ನ ಹಿಂದಿನ ಗೋಡೆಯನ್ನು ಮಸುಕು ಮಾಡುತ್ತಿದ್ದಳು, ಬಣ್ಣ ಹೋದ ಗೋಡೆ ಕಾಣಬಾರದು ಎಂದು. ಅದೊಂದಕ್ಕೇ ಯಂತ್ರ ಎಷ್ಟು ಬೇಯುತ್ತಿತ್ತು ಎಂದು ಗೊತ್ತಾದಾಗ ಅದನ್ನು ನಿಲ್ಲಿಸಿ, ಗೋಡೆಗೊಂದು ಬೆಡ್‌ಶೀಟ್ ಕಟ್ಟಿದಳು. ಬ್ರೌಸರಿನಲ್ಲಿ ವೀಡಿಯೊದ ಭಾರವೆಲ್ಲ ಪ್ರೊಸೆಸರಿನ ತಲೆಯ ಮೇಲೆ ಬೀಳುತ್ತಿತ್ತು. ಅದನ್ನು ಚಿತ್ರದ ಕೆಲಸಕ್ಕೆಂದೇ ಇರುವ ಗ್ರಾಫಿಕ್ಸ್ ಚಿಪ್ಪಿಗೆ ಬಿಟ್ಟುಕೊಡುವ ಒಂದು ಆಯ್ಕೆ ಇತ್ತು, ಅದನ್ನು ತೆರೆದಳು. ವಿದ್ಯುತ್ ಉಳಿಸುವ ಒಂದು ತಂತ್ರಾಂಶ ಹಾಕಿದಳು. ಅಂಕಿ ಎಂಬತ್ತೈದರಿಂದ ಎಪ್ಪತ್ತೈದಕ್ಕೆ ಬಂತು. ಅಲ್ಲೇ ಕೂತಿತು.

ಕೊನೆಗೆ ಗುಂಪಿನಲ್ಲಿ ಯಾರೋ ಕೇಳಿದರು: ನಿಮ್ಮ ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಉಂಟಾ ನೋಡಿ. ನೋಡಿದಳು. ಇತ್ತು. ಒಂದು ಸಾಧಾರಣ ಕೆಲಸಕ್ಕೆ, ಇನ್ನೊಂದು ಆಟಗಳಿಗೆ. ಸಜ್ನಾಳ ಬದುಕಿನಲ್ಲಿ ಯಾವ ಆಟವೂ ಇರಲಿಲ್ಲ, ಆದರೂ ಆ ಎರಡನೆಯದು ಬೆಳಗಿನಿಂದ ಸಂಜೆಯವರೆಗೆ ಸುಮ್ಮನೆ ಉರಿಯುತ್ತಾ ಕೂತಿತ್ತು. ಲಿನಕ್ಸ್‌ನಲ್ಲಿ ಅದು ತಾನಾಗಿ ಮಲಗುವುದಿಲ್ಲ, ನಾವೇ ಮಲಗಿಸಬೇಕು ಎಂದು ಅವರು ಒಂದು ಸಾಲು ಬರೆದು ಕಳಿಸಿದರು. ಅವಳು ಆ ಸಾಲನ್ನು ಟೈಪ್ ಮಾಡಿ, ಮುಚ್ಚಿ ಮತ್ತೆ ಹಚ್ಚಿದಳು.

ಫ್ಯಾನು ನಿಂತುಹೋಯಿತು. ಕೆಟ್ಟುಹೋಯಿತೇನೋ ಎಂದು ಮೊದಲು ಹೆದರಿದಳು. ಕಿವಿ ಹತ್ತಿರ ಇಟ್ಟಾಗ ಮೆಲ್ಲಗೆ ತಿರುಗುತ್ತಿರುವುದು ಕೇಳಿಸಿತು. ಆ ಸಂಜೆಯ ತರಗತಿಯ ಉದ್ದಕ್ಕೂ ಅಂಕಿ ಅರವತ್ತರ ಆಸುಪಾಸಿನಲ್ಲೇ ಉಳಿಯಿತು. ತರಗತಿ ಮುಗಿದ ಮೇಲೆ ಸಜ್ನಾ ಶಿಫಾನಾಳ ಬಾಗಿಲು ತಟ್ಟಿ, "ಬಾ, ಇಲ್ಲಿ ಕೇಳು" ಎಂದು ಕರೆದಳು.

ಶಿಫಾನಾ ಬಂದಳು. "ಎಂತ ಕೇಳ್ಬೇಕು ಅಕ್ಕ?"

"ಎಂತದೂ ಕೇಳುವುದಿಲ್ಲ ಅಲ್ವಾ? ಅದೇ."

ಶಿಫಾನಾ ನಿಜವಾಗಿ ಮೆಚ್ಚಿದಳು. ಮೆಚ್ಚಿದ್ದಲ್ಲದೆ, "ನನಗೂ ನಿಮ್ಮ ಹಾಗೆ ಲಿನಕ್ಸ್ ಹಾಕಿಸಿಕೊಡಿ ಅಕ್ಕ" ಎಂದಳು. "ನನ್ನದರಲ್ಲಿ ನಿಮ್ಮ ಬೋರ್ಡಿನಷ್ಟು ಒಳ್ಳೆಯ ಬೋರ್ಡ್ ಇಲ್ಲ. ನಿನ್ನೆ ಪಾಠದ ಮಧ್ಯದಲ್ಲಿ ಅಪ್‌ಡೇಟ್ ಅಂತ ಕೂತುಬಿಟ್ಟಿತು."

ತನ್ನ ವಸ್ತುವೊಂದನ್ನು ಶಿಫಾನಾ ಬೇಕೆಂದು ಕೇಳಿದ್ದು ಸಜ್ನಾಳಿಗೆ ಹಿತವಾಯಿತು. ಅಸ್ಕರ್ ಒಂದು ಭಾನುವಾರ ಬಂದು ಹಾಕಿಕೊಟ್ಟ. ಹಾಕಿದವನು ಮರುದಿನವೇ ಹೆಂಡತಿಯ ಮನೆಯವರ ಜೊತೆ ಉಮ್ರಾ ಯಾತ್ರೆಗೆ ಹೊರಟ.

ಆ ವಾರದಲ್ಲೇ ಶಿಫಾನಾಳ ದೊಡ್ಡ ಲ್ಯಾಪ್‌ಟಾಪ್ ಗ್ರೈಂಡರಿನಂತೆ ಗುರುಗುಟ್ಟಲು ತೊಡಗಿತು.

ಅವಳು ಅದನ್ನು ಎತ್ತಿಕೊಂಡು ಬಂದು ಸಜ್ನಾಳ ಮೇಜಿನ ಮೇಲಿಟ್ಟಳು. "ಇದು ಯಾಕೆ ಹೀಗೆ ಮಾಡ್ತದೆ ನೋಡಿ ಅಕ್ಕ. ಮುಟ್ಟಲಿಕ್ಕೆ ಆಗುವುದಿಲ್ಲ. ನಿಮ್ಮದಕ್ಕೆ ಎಂತ ಮಾಡಿದ್ರಿ?"

ಸಜ್ನಾ ಕೈ ಇಟ್ಟು ನೋಡಿದಳು. ಎಡಗಡೆ, ಮೇಲ್ಭಾಗದಲ್ಲಿ ಕೆಂಡ. ಅವಳಿಗೆ ಆ ಕ್ಷಣವೇ ತಿಳಿಯಿತು. ಆಟದ ಲ್ಯಾಪ್‌ಟಾಪ್, ಅದರೊಳಗೆ ಇವಳದಕ್ಕಿಂತ ಎಷ್ಟೋ ದೊಡ್ಡದಾದ ಎರಡನೆಯ ಚಿಪ್, ಅದನ್ನು ಮಲಗಿಸುವವರು ಯಾರೂ ಇಲ್ಲ. ಒಂದು ಸಾಲು ಬರೆದು ರೀಸ್ಟಾರ್ಟ್ ಮಾಡಿದರೆ ಸಾಕು. ಆ ಸಾಲು ಅವಳಿಗೆ ಬಾಯಿಪಾಠವಾಗಿತ್ತು.

ಅದೇ ಹೊತ್ತಿಗೆ ಶಿಫಾನಾಳ ಫೋನಿನಲ್ಲಿ ತೃಷಾಳ ಸಂದೇಶ ಬಂತು. ಪರೀಕ್ಷೆಯಲ್ಲಿ ಪೂರ್ತಿ ಅಂಕ ಬಂದಿತ್ತು. "ಥ್ಯಾಂಕ್ಯೂ ಶಿಫಾನಾ ಟೀಚರ್" ಎಂದು ಆ ಹುಡುಗಿ ಹೃದಯಗಳನ್ನು ಕಳಿಸಿದ್ದಳು. ಶಿಫಾನಾ ನಗುತ್ತಾ ಅದನ್ನು ಸಜ್ನಾಳಿಗೂ ತೋರಿಸಿದಳು.

ಎರಡು ವರ್ಷ ಮಗ್ಗಿಯಿಂದ ಎತ್ತಿ ನಿಲ್ಲಿಸಿದ್ದು ನಾನು, ಎಂದುಕೊಂಡಳು ಸಜ್ನಾ. ಲ್ಯಾಪ್‌ಟಾಪಿನ ಮೇಲಿನಿಂದ ಕೈ ತೆಗೆದಳು.

"ಹೊಸದು ಹಾಗೇ ಇರ್ತದೆ. ಲಿನಕ್ಸ್‌ಗೆ ಹೊಂದಿಕೊಳ್ಳಲಿಕ್ಕೆ ಸ್ವಲ್ಪ ದಿನ ಬೇಕು. ಎ.ಸಿ. ಹಾಕಿಕೊಂಡು ಕೂತುಕೋ, ಆಗ್ತದೆ."

ಶಿಫಾನಾ ನಂಬಿದಳು. ಎ.ಸಿ. ಹಾಕಿಕೊಂಡೇ ತರಗತಿ ಮಾಡಿದಳು. ಲ್ಯಾಪ್‌ಟಾಪಿನ ಕೆಳಗೆ ಎರಡು ಪುಸ್ತಕ ಇಟ್ಟಳು. ಒಮ್ಮೆ ಫ್ರಿಜ್ಜಿನಿಂದ ಐಸ್‌ಪ್ಯಾಕ್ ತೆಗೆದು ಅದರಡಿ ಇಡಲು ಹೋದಾಗ ಮಾತ್ರ ಸಜ್ನಾ ಓಡಿಹೋಗಿ ಕಸಿದುಕೊಂಡಳು. "ನೀರು ಒಳಗೆ ಹೋದರೆ ಸುಟ್ಟುಹೋಗ್ತದೆ, ಮಾರಾಯ್ತಿ!" ಅಷ್ಟನ್ನು ಹೇಳಿದಳು, ಉಳಿದದ್ದನ್ನು ಹೇಳಲಿಲ್ಲ.

ಸಂಜೆಗಳಲ್ಲಿ ಈಗ ಗುರುಗುಟ್ಟುವ ಸದ್ದು ಆ ಕೋಣೆಯಿಂದ ಬರುತ್ತಿತ್ತು. ಸಜ್ನಾ ತನ್ನ ಮೇಜಿನಲ್ಲಿ ಕೂತು ಅದನ್ನು ಕೇಳುತ್ತಿದ್ದಳು. ಖತೀಜಮ್ಮ, "ಅದು ಎಂತದು ಶಬ್ದ, ಅಕ್ಕಿ ಕಡೆಯುತ್ತಿದ್ದಾಳಾ?" ಎಂದಾಗ ಅವಳಿಗೆ ನಗು ಬಂತು. ಅಂದು ಅವಳು ಅತ್ತೆಗೆ ಇಷ್ಟವಾದ ಸಿಗಡಿ ಸುಕ್ಕ ಮಾಡಿದಳು, ಶಿಫಾನಾಳ ತಟ್ಟೆಗೂ ಹೆಚ್ಚಾಗಿಯೇ ಬಡಿಸಿದಳು. ಬಡಿಸುವಾಗ ಅವಳ ಮುಖ ನೋಡಲಿಲ್ಲ.

ಹೀಗಿರುವಾಗ ಮೂಡುಬಿದಿರೆಯ ಒಂದು ಶಾಲೆಯಲ್ಲಿ ಗಣಿತ ಶಿಕ್ಷಕಿ ಬೇಕೆಂಬ ಜಾಹೀರಾತು ಬಂತು. ಖಲೀಲನೇ ಪೇಪರಿನಲ್ಲಿ ನೋಡಿ ಹೇಳಿದ್ದು. "ನಿನಗೆ ಆಗ್ತಿತ್ತು, ಸಜ್ನಾ" ಎಂದ. ಕೆಳಗೆ ಬಿ.ಎಡ್. ಕಡ್ಡಾಯ ಎಂದಿತ್ತು. ಅವನು ಪೇಪರು ಮಡಚಿದ. ಶಿಫಾನಾ ಅರ್ಜಿ ಹಾಕಿದಳು. ಮೊದಲು ವೀಡಿಯೊ ಕರೆಯಲ್ಲಿ ಮಾದರಿ ಪಾಠ, ಆಮೇಲೆ ಸಂದರ್ಶನ ಎಂದು ಶಾಲೆಯವರು ತಿಳಿಸಿದರು. ಮೂವರು ಕೂತು ನೋಡುತ್ತಾರಂತೆ.

ಆ ಮಧ್ಯಾಹ್ನ ಶಿಫಾನಾ ಹೊಸ ಶಾಲು ಹೊದ್ದು, ಬಾಗಿಲು ಮುಚ್ಚಿ ಕೂತಳು. ಪಾಠ ಸುರುವಾಗಿ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ವೈಫೈ ಇನ್ವರ್ಟರಿನಲ್ಲಿತ್ತು, ಅದು ನಿಲ್ಲಲಿಲ್ಲ. ಎ.ಸಿ. ನಿಂತಿತು. ಅಡುಗೆಮನೆಯಲ್ಲಿದ್ದ ಸಜ್ನಾ ಚಮಚ ಹಿಡಿದುಕೊಂಡೇ ಕಿವಿಗೊಟ್ಟಳು. ಗುರುಗುಟ್ಟುವುದು ಏರುತ್ತಾ ಹೋಯಿತು, ಏರಿ ಏರಿ ಕೀರಲಾಯಿತು. ಆಮೇಲೆ ಒಮ್ಮೆಗೇ ನಿಶ್ಶಬ್ದ. ಶಿಫಾನಾಳ ಮಾತೂ ಅರ್ಧದಲ್ಲಿ ನಿಂತಿತು.

ಸಜ್ನಾಳಿಗೆ ಆಗ ಅನಿಸಿದ್ದನ್ನು ಮುಚ್ಚಿಡಬೇಕಾಗಿಲ್ಲ. ಅವಳಿಗೆ ಮೊದಲು ಅನಿಸಿದ್ದು ಸಮಾಧಾನ. ಹೋಗಲಿ, ಎಲ್ಲವೂ ಅವಳಿಗೇ ಸಿಗಬೇಕೆಂದು ಎಲ್ಲಿಯಾದರೂ ಉಂಟಾ? ಅವಳು ಸಾರು ತಿರುವಿದಳು.

ಬಾಗಿಲು ತೆರೆಯಿತು. ಶಿಫಾನಾಳ ಮುಖ ಬಿಳಿಚಿಕೊಂಡಿತ್ತು. ಬಾಗಿಲಿನ ಚೌಕಟ್ಟು ಹಿಡಿದು ನಿಂತು ಅತ್ತೆಗೆ, "ಮಾಮಿ, ಆಫ್ ಆಯ್ತು. ಹಚ್ಚಿದರೂ ಹತ್ತುವುದಿಲ್ಲ" ಎಂದಳು. ಅವಳು ಕಣ್ಣು ತುಂಬಿಕೊಂಡಿದ್ದಳು, ಆದರೆ ಅಳು ನುಂಗಿಕೊಳ್ಳುತ್ತಿದ್ದಳು. ಆ ಕ್ಯಾಮೆರಾದ ಮುಂದೆ ಮತ್ತೆ ಹೋಗಬಹುದೇನೋ ಎಂಬ ಆಸೆ ಇನ್ನೂ ಇತ್ತು.

ಖತೀಜಮ್ಮ, "ಯಾ ಅಲ್ಲಾ, ಈಗ ಎಂತ ಮಾಡುವುದು?" ಎಂದು ಸಜ್ನಾಳ ಕಡೆ ನೋಡಿದರು. ಈ ಮನೆಯಲ್ಲಿ ಅಂಥದ್ದಕ್ಕೆಲ್ಲ ನೋಡುವುದು ಸಜ್ನಾಳ ಕಡೆಗೇ.

ಸಜ್ನಾ ಒಲೆ ಆರಿಸಿದಳು. ಹಾಲಿಗೆ ಹೋಗಿ ತನ್ನ ಲ್ಯಾಪ್‌ಟಾಪನ್ನೂ ಬರೆಯುವ ಹಲಗೆಯನ್ನೂ ಎತ್ತಿಕೊಂಡು ಬಂದಳು. "ಬಾ, ಕೂತುಕೋ. ಅವರಿಗೆ ಫೋನ್ ಮಾಡಿ ಹೇಳು, ಕರೆಂಟು ಹೋಗಿತ್ತು, ಈಗ ಬರ್ತೇನೆ ಅಂತ."

ಹಳೆಯ ಲ್ಯಾಪ್‌ಟಾಪ್ ಸದ್ದಿಲ್ಲದೆ ಕೆಲಸ ಮಾಡಿತು. ಸಜ್ನಾ ಮಂಚದ ತುದಿಯಲ್ಲಿ, ಕ್ಯಾಮೆರಾಕ್ಕೆ ಕಾಣದ ಹಾಗೆ ಕೂತಿದ್ದಳು. ಬೀಸಣಿಗೆಯಿಂದ ಶಿಫಾನಾಳಿಗೂ ಯಂತ್ರಕ್ಕೂ ಗಾಳಿ ಬೀಸಿದಳು. ಶಿಫಾನಾ ಪಕ್ಕದ ತಟ್ಟೆಯಿಂದ ಒಂದು ಪತ್ತಿರ್ ತೆಗೆದು ನಾಲ್ಕಾಗಿ ಮುರಿದಳು. "ಈಗ ನನ್ನ ಕೈಯಲ್ಲಿ ಎಷ್ಟು ಇದೆ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಪರದೆಯಲ್ಲಿದ್ದ ಮೂವರೂ ನಕ್ಕರು. ನಡುವೆ ಕೂತಿದ್ದ ಮೇಡಂ, "ತುಂಬ ಚೆನ್ನಾಗಿದೆ, ಇದು ನಿಮ್ಮದೇ ಐಡಿಯಾವಾ?" ಎಂದು ಕೇಳಿದರು.

ಶಿಫಾನಾ ಒಂದು ಕ್ಷಣ ತಡೆದಳು. "ಹೌದು ಮೇಡಂ" ಎಂದಳು.

ಸಜ್ನಾಳ ಕೈಯಲ್ಲಿ ಬೀಸಣಿಗೆ ನಿಂತಿತು. ಎದ್ದು ಹೋಗಬಹುದಿತ್ತು. ಲ್ಯಾಪ್‌ಟಾಪಿನ ಮುಚ್ಚಳವನ್ನು ಹಾಕಿಬಿಡಬಹುದಿತ್ತು. ಅವಳು ಅಲ್ಲೇ ಕೂತು ಮತ್ತೆ ಬೀಸತೊಡಗಿದಳು.

ಕರೆ ಮುಗಿಯಿತು. ಸಜ್ನಾ ಆ ದೊಡ್ಡ ಲ್ಯಾಪ್‌ಟಾಪನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಅಷ್ಟರಲ್ಲಿ ಅದು ತಣ್ಣಗಾಗಿತ್ತು, ಗುಂಡಿ ಒತ್ತಿದಾಗ ಹತ್ತಿಕೊಂಡಿತು. ಆ ಒಂದು ಸಾಲನ್ನು ಟೈಪ್ ಮಾಡಿ ರೀಸ್ಟಾರ್ಟ್ ಮಾಡಿದಳು. ಪರದೆ ಬೆಳಗಿತು. ಸದ್ದಿರಲಿಲ್ಲ.

"ಇಷ್ಟೇಯಾ?" ಎಂದಳು ಶಿಫಾನಾ.

"ಇಷ್ಟೇ."

"ನಿಮಗೆ ಇದು ಮೊದಲೇ ಗೊತ್ತಿತ್ತಾ ಅಕ್ಕ?"

ಈಗಷ್ಟೇ ಯಾರೋ ಹೇಳಿದರು ಎನ್ನಬಹುದಿತ್ತು. ಶಿಫಾನಾ ನಂಬುತ್ತಿದ್ದಳು. "ಗೊತ್ತಿತ್ತು" ಎಂದಳು ಸಜ್ನಾ. "ನೀನು ತಂದು ಇಟ್ಟ ದಿವಸವೇ ಗೊತ್ತಾಗಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೊಟ್ಟೆಕಿಚ್ಚು."

ಶಿಫಾನಾ ಲ್ಯಾಪ್‌ಟಾಪನ್ನು ಅವಳ ತೊಡೆಯಿಂದ ಎತ್ತಿಕೊಂಡಳು. "ನನ್ನ ಕೆಲಸ ಹೋಗ್ತಿತ್ತು ಅಕ್ಕ" ಎಂದಳು. ಧ್ವನಿ ಏರಿಸಲಿಲ್ಲ. ಸಜ್ನಾ ಹೊರಗೆ ಬಂದ ಮೇಲೆ ಬಾಗಿಲು ಮುಚ್ಚಿಕೊಂಡಳು.

ಅಲ್ಲಿಂದ ಮನೆಯಲ್ಲಿ ಮಾತು ನಿಂತಿತು. ಸಾರು ಬೇಕಾ, ಬೇಡ, ಬಟ್ಟೆ ಒಣಗಿದೆಯಾ, ಒಣಗಿದೆ, ಅಷ್ಟೇ. ಖತೀಜಮ್ಮ ಇಬ್ಬರ ಮುಖವನ್ನೂ ನೋಡಿ ಸುಮ್ಮನಾದರು. ಅವರಿಗೂ ಒಂದು ಕಾಲದಲ್ಲಿ ಓರಗಿತ್ತಿಯರು ಇದ್ದರು. ಶಾಲೆಯಿಂದ ಕೆಲಸ ಸಿಕ್ಕಿತೆಂದು ಫೋನು ಬಂದ ದಿನ ಮನೆಗೆ ಬೆಳ್ತಂಗಡಿಯ ಅವಳ ತವರಿನಿಂದ ಸಿಹಿ ಬಂತು. ಸಜ್ನಾ ಒಂದು ತುಂಡು ತೆಗೆದು ಬಾಯಿಗೆ ಹಾಕಿಕೊಂಡಳು.

ಕೆಲಸಕ್ಕೆ ಹೋಗುವ ಹಿಂದಿನ ಸಂಜೆ ಶಿಫಾನಾ ತಾನಾಗಿಯೇ ಸಜ್ನಾಳ ಮೇಜಿನ ಬಳಿ ಬಂದು ಕುರ್ಚಿ ಎಳೆದುಕೊಂಡಳು.

"ಸಣ್ಣ ಮಕ್ಕಳನ್ನು ಇನ್ನು ನೀವೇ ನೋಡ್ಕೊಳ್ಳಿ. ತೃಷಾಳ ಅಮ್ಮನಿಗೂ ಹೇಳಿದ್ದೇನೆ, ಅವಳೂ ನಿಮ್ಮ ಹತ್ರವೇ ಬರ್ತಾಳೆ."

"ಹೂಂ."

"ಪತ್ತಿರ್ ವಿಷಯ... ಅದು ನಿಮ್ಮದು ಅಂತ ನಾನು ಹೇಳ್ಬೇಕಿತ್ತು. ಹೇಳ್ಲಿಲ್ಲ. ನನಗೆ ಆ ಕೆಲಸ ಬೇಕಿತ್ತು ಅಕ್ಕ. ಆ ಕೋಣೆಯಿಂದ ಹೊರಗೆ ಹೋಗ್ಬೇಕಿತ್ತು."

"ಎ.ಸಿ. ಉಂಟಲ್ಲ ನಿನಗೆ" ಎಂದಳು ಸಜ್ನಾ. ಅದು ಅವಳ ಬಾಯಿಯಿಂದ ತಪ್ಪಿ ಬಂದದ್ದು.

ಶಿಫಾನಾ ಅವಳನ್ನೇ ನೋಡಿದಳು. "ನಿಮಗೆ ಗೊತ್ತುಂಟಾ ನನಗೆ ನಿಮ್ಮ ಮೇಲೆ ಎಷ್ಟು ಹೊಟ್ಟೆಕಿಚ್ಚು ಅಂತ? ಸಂಜೆ ಖಲೀಲಣ್ಣ ಬಂದು ಗೇಟು ತೆಗೆಯುವ ಶಬ್ದ ಕೇಳಿದರೆ ನಾನು ಫ್ಯಾನ್ ಜೋರು ಮಾಡ್ತೇನೆ. ನೀವು ಚಹಾಕ್ಕೆ ಸಕ್ಕರೆ ಸಾಲದು ಅಂತ ಜಗಳ ಮಾಡ್ತೀರಿ. ನನಗೆ ಜಗಳ ಮಾಡ್ಲಿಕ್ಕೂ ನೆಟ್‌ವರ್ಕ್ ಬೇಕು. ಹಿಶಾಮ್ ಸಿಟ್ಟು ಬಂದರೆ ಫೋನ್ ಇಡ್ತಾರೆ, ಆಯ್ತು. ಮರುದಿನದವರೆಗೆ ನಾನು ಆ ಎ.ಸಿ.ಯ ಅಡಿಯಲ್ಲಿ ಕೂತಿರ್ಬೇಕು."

ಇಷ್ಟು ದಿನ ಸಜ್ನಾ ಆ ಗೋಡೆಗೆ ಕಿವಿಗೊಟ್ಟಿದ್ದಳು, ಫ್ಯಾನಿನ ಸದ್ದು, ಮಕ್ಕಳ ನಗು, ಎಲ್ಲ ಕೇಳಿದ್ದಳು. ಆಚೆಯಿಂದಲೂ ಒಬ್ಬಳು ಕಿವಿಗೊಟ್ಟಿದ್ದಾಳೆಂದು ಅವಳಿಗೆ ಹೊಳೆದಿರಲೇ ಇಲ್ಲ. ಹೊರಗೆ ಅಂಗಡಿ ಮುಚ್ಚಿ ಬಂದ ಖಲೀಲ್ ಗೇಟು ತೆಗೆದ. ಇಬ್ಬರಿಗೂ ಕೇಳಿಸಿತು. ಸಜ್ನಾ ಎದ್ದು ಹೋಗದೆ ಅಲ್ಲೇ ಕೂತಳು.

ಶಿಫಾನಾ ಈಗ ದಿನವೂ ಬೆಳಿಗ್ಗೆ ಮೂಡುಬಿದಿರೆಗೆ ಹೋಗುತ್ತಾಳೆ. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಅವಳು ಓಣಿ ಹತ್ತುವುದನ್ನು ಸಜ್ನಾ ಕಿಟಕಿಯಿಂದ ನೋಡುತ್ತಾಳೆ. ನೋಡಿದಾಗ ಅವಳಿಗೆ ಸರಿಯಾಗುವುದಿಲ್ಲ. ಹೊಟ್ಟೆಕಿಚ್ಚು ಹೋಗಿದೆ ಎಂದು ಅವಳು ಯಾರಿಗೂ ಹೇಳುವುದಿಲ್ಲ. ಆ ವರ್ಷ ಹಿಶಾಮ್ ರಜೆಯಲ್ಲಿ ಬಂದಾಗ ಮಾತ್ರ ಅವನನ್ನೂ ಶಿಫಾನಾಳನ್ನೂ ಸೋಮೇಶ್ವರದ ಕಡಲಿಗೆ ಕಳಿಸಿ, ಮನೆಯನ್ನೂ ಅತ್ತೆಯನ್ನೂ ತಾನೇ ನೋಡಿಕೊಂಡಳು. ಬಿ.ಎಡ್. ವಿಷಯವನ್ನು ಖಲೀಲನ ಬಳಿ ಮತ್ತೆ ಎತ್ತಿದ್ದಾಳೆ. ಈ ಸಲ ಮುಂದಿನ ವರ್ಷ ಎಂಬ ಮಾತನ್ನು ಅವನ ಬಾಯಿಯಿಂದ ಬರಲು ಬಿಡಲಿಲ್ಲ.

ಮಳೆ ಹಿಡಿದ ಒಂದು ಸಂಜೆ ಶಿಫಾನಾ ಒದ್ದೆ ಕೊಡೆಯ ಜೊತೆಗೆ ಒಂದು ಚೀಲ ಹಿಡಿದುಕೊಂಡು ಬಂದಳು. ಒಳಗೆ ಅವಳ ಶಾಲೆಯ ಸಹೋದ್ಯೋಗಿ ಶುಭಶ್ರೀಯ ಲ್ಯಾಪ್‌ಟಾಪ್. "ಪಾಪ, ಲಿನಕ್ಸ್ ಹಾಕಿಸಿಕೊಂಡು ಬೇಯ್ತಾ ಇದ್ದಾರೆ ಅಕ್ಕ. ನಮ್ಮ ಮನೆಯಲ್ಲಿ ಒಬ್ರು ಇದ್ದಾರೆ, ಅವರು ಸರಿಮಾಡ್ತಾರೆ ಅಂತ ತಂದೆ."

ಸಜ್ನಾ ಅದನ್ನು ತೆರೆದಳು. ಒಂದು ಕುರ್ಚಿಯನ್ನು ಕಾಲಿನಿಂದ ಎಳೆದು, "ನೀನೂ ಕೂತುಕೋ. ಇವತ್ತು ಎಲ್ಲ ಹೇಳಿಕೊಡ್ತೇನೆ, ಆಮೇಲೆ ನಾನು ಹೇಳಲಿಲ್ಲ ಅಂತ ಬೇಡ" ಎಂದಳು.

ಶಿಫಾನಾ ನಕ್ಕಳು. ಮೊದಲು ಗಾಳಿಯ ದಾರಿ ನೋಡಬೇಕು, ಆಮೇಲೆ ಯಾವುದು ಕೆಲಸ ಎಳೆಯುತ್ತಿದೆ ಎಂದು, ಆಮೇಲೆ ಬ್ರೌಸರು, ಕೊನೆಗೆ ಆ ಎರಡನೆಯ ಚಿಪ್. ಸಜ್ನಾ ಒಂದೊಂದಾಗಿ ತೋರಿಸಿದಳು. ಅವಳು ಬಾಯಿಬಿಡುವ ಮೊದಲೇ ಶಿಫಾನಾ ಮುಂದಿನದನ್ನು ಹೇಳುತ್ತಿದ್ದಳು. ತಾನು ವಾರಗಟ್ಟಲೆ ಒದ್ದಾಡಿ ಕಲಿತದ್ದನ್ನು ಇವಳು ಒಂದು ಚಹಾ ಕುಡಿಯುವಷ್ಟರಲ್ಲಿ ಹಿಡಿದುಕೊಂಡಳಲ್ಲ ಎಂದು ಸಜ್ನಾಳಿಗೆ ಒಳಗೆ ಚುರ್ ಎಂದಿತು. ಆದರೂ ಆ ಒಂದು ಸಾಲನ್ನೂ ಬರೆಸಿದ ಮೇಲೆಯೇ ಅವಳು ಖಾಲಿ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು.